ಹಣೆಬರಹವೂ ಹಣೆಯ ಬೊಟ್ಟೂ

ಒಂದು ಕಾಲಕ್ಕೆ ನಮ್ಮ ಮನೆಯ ಬಚ್ಚಲ ಕನ್ನಡಿಯನ್ನು ನೋಡಿದರೆ ಸಾಕು, ಮನೆಯಲ್ಲಿ ಎಷ್ಟು ಜನ ಹೆಂಗಸರಿದ್ದಾರೆ, ನಿನ್ನೆ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು ಎಂದು ಹೇಳಿಬಿಡಬಹುದಿತ್ತು. ಕನ್ನಡಿಯ ಎಡ ಅಂಚಿಗೆ ನನ್ನ ಕೆಂಪು ಸ್ಟಿಕ್ಕರುಗಳು, ಬಲಕ್ಕೆ ನಾದಿನಿಯ ಮೆರೂನ್ ಬಣ್ಣದವು, ಕೆಳಗೆ ಅತ್ತೆಯವರ ಒಂದೇ ಒಂದು ದೊಡ್ಡ ಬೊಟ್ಟು. ಮುಖ ತೊಳೆಯುವ ಮುಂಚೆ ಹಣೆಯಿಂದ ಕಿತ್ತು ಕನ್ನಡಿಗೆ ಅಂಟಿಸುವುದು, ಮುಖ ಒರೆಸಿಕೊಂಡ ಮೇಲೆ ಕನ್ನಡಿಯಿಂದ ಕಿತ್ತು ಹಣೆಗೆ ಅಂಟಿಸುವುದು. ಅಂಟು ಪೂರ್ತಿ ಹೋಗುವ ತನಕ ಒಂದೇ ಬೊಟ್ಟು ವಾರಗಟ್ಟಲೆ ಬಾಳುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ಆ ಅಂಟಿನಲ್ಲಿ ಏನಿದೆ ಎಂದು ನಾವು ಯಾರೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ನಮ್ಮ ಅಜ್ಜಿಯ ಕಾಲಕ್ಕೆ ಹಣೆಗಿಟ್ಟುಕೊಳ್ಳುವುದು ಎಂದರೆ ಅದೇ ಒಂದು ಸಣ್ಣ ಪೂಜೆ. ಅರಿಸಿನದ ಕೊಂಬನ್ನು ನಿಂಬೆರಸ, ಬಿಳಿಗಾರಗಳಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ ಮನೆಯಲ್ಲೇ ಕುಂಕುಮ ಮಾಡುತ್ತಿದ್ದರು. ಕುಂಕುಮದ ಭರಣಿಯ ಪಕ್ಕದಲ್ಲಿ ಮೇಣದ ಡಬ್ಬಿ. ಉಂಗುರದ ಬೆರಳಿನಿಂದ ಹಣೆಗೆ ಒಂದು ಚೂರು ಮೇಣ ಸವರಿ, ಮೇಲೆ ಕುಂಕುಮ ಒತ್ತಿ, ಮೂಗಿನ ಮೇಲೆ ಉದುರಿದ್ದನ್ನು ಸೆರಗಿನಿಂದ ಒರೆಸಿಕೊಂಡರೆ ಸಂಜೆಯ ತನಕ ಅಲುಗಾಡುತ್ತಿರಲಿಲ್ಲ. ಆಮೇಲೆ ಅಂಗಡಿ ಕುಂಕುಮ ಬಂತು. ನಾನು ಹೈಸ್ಕೂಲಿನಲ್ಲಿದ್ದಾಗ ಪುಟ್ಟ ಶೀಶೆಯ ನೀರು ಕುಂಕುಮ ಬಂತು. ಮುಚ್ಚಳಕ್ಕೆ ಸೇರಿಕೊಂಡ ಕಡ್ಡಿಯಿಂದ ಅರ್ಧಚಂದ್ರ, ನಾಮ, ಹಾವು, ಏನು ಬೇಕಾದರೂ ಬರೆದುಕೊಳ್ಳಬಹುದಿತ್ತು. 1980ರ ದಶಕದ ಹೊತ್ತಿಗೆ ನಮ್ಮೂರಿನ ಬಳೆ ಅಂಗಡಿಗೂ ಸ್ಟಿಕ್ಕರ್ ಬಂತು. ಬೆವರಿಗೆ ಇಳಿಯುವುದಿಲ್ಲ, ಸೀರೆಗೆ ಕಲೆಯಾಗುವುದಿಲ್ಲ, ಬಸ್ಸು ಹಿಡಿಯುವ ಅವಸರದಲ್ಲಿ ಕನ್ನಡಿಯೂ ಬೇಡ. ಕೆಲಸಕ್ಕೆ ಹೋಗುವ ನನ್ನಂಥವರಿಗೆ ಅದು ವರವಾಗಿಯೇ ಕಂಡಿತು.

ನಾನು ಜೂನಿಯರ್ ಕಾಲೇಜಿನಲ್ಲಿ 29 ವರ್ಷ ಇತಿಹಾಸ ಪಾಠ ಮಾಡಿದವಳು. ಪಾಣಿಪತ್ತಿನ ಮೂರು ಯುದ್ಧಗಳ ಕಾರಣಗಳನ್ನೂ ಪರಿಣಾಮಗಳನ್ನೂ ಬೋರ್ಡಿನ ಮೇಲೆ ಬರೆಯಿಸಿದವಳು. ಆದರೆ ನನ್ನ ಚಿಕ್ಕಮ್ಮನ ಹಣೆಯ ಮೇಲೆ ಎರಡು ಕಾಸಿನಷ್ಟು ಅಗಲದ ಒಂದು ಬಿಳಿ ಚುಕ್ಕೆ ಮೂಡಿದಾಗ, ಅದಕ್ಕೂ ಒಂದು ಕಾರಣ ಇರಬಹುದು ಎಂದು ನನಗೆ ತೋಚಲಿಲ್ಲ. ಎಲ್ಲರ ಹಾಗೆ ನಾನೂ "ಅವಳ ಹಣೆಬರಹ" ಎಂದೆ.

ಅದು 1986. ಚಿಕ್ಕಮ್ಮನಿಗೆ ಆಗ 42 ವರ್ಷ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವಳ ಮನೆ. ಮೊದಲು ಹುಬ್ಬುಗಳ ನಡುವೆ ಸ್ವಲ್ಪ ತುರಿಕೆ, ಆಮೇಲೆ ಚರ್ಮ ಒಂದಿಷ್ಟು ಮಾಸಿದಂತೆ ಕಂಡದ್ದು, ಆರು ತಿಂಗಳಲ್ಲಿ ಸುಣ್ಣ ಬಳಿದಂತೆ ಬಿಳಿಯಾಯಿತು. ಅವಳು ಯಾರಿಗೂ ಹೇಳಲಿಲ್ಲ. ಮುಚ್ಚಲು ಮೊದಲಿಗಿಂತ ದೊಡ್ಡ ಸ್ಟಿಕ್ಕರ್ ಅಂಟಿಸಿಕೊಂಡಳು. ಬಿಳುಪು ಅದರ ಅಂಚಿನಿಂದಲೂ ಹೊರಗೆ ಇಣುಕಿತು. ಇನ್ನೂ ದೊಡ್ಡದು ಬಂತು. ಮೊದಲು ರಾತ್ರಿ ಮಲಗುವಾಗ ಕಿತ್ತಿಡುತ್ತಿದ್ದವಳು, ಚಿಕ್ಕಪ್ಪನ ಕಣ್ಣಿಗೆ ಬೀಳಬಾರದೆಂದು ರಾತ್ರಿಯೂ ಅಂಟಿಸಿಕೊಂಡೇ ಮಲಗತೊಡಗಿದಳು. "ಬೆಂಗಳೂರಿಗೆ ಹೋದ್ರೆ ದೊಡ್ಡ ಸೈಜಿನ ಸ್ಟಿಕ್ಕರ್ ಎರಡು ಪ್ಯಾಕೆಟ್ ತಂದ್ಕೊಡೇ" ಎಂದು ನನ್ನನ್ನು ಕೇಳಿದಳು. ಚಿಕ್ಕಪೇಟೆಯಿಂದ ಹುಡುಕಿ ತಂದುಕೊಟ್ಟವಳು ನಾನೇ.

ಮುಚ್ಚಿಟ್ಟದ್ದು ಎಷ್ಟು ದಿನ ನಿಲ್ಲುತ್ತದೆ? 1988ರಲ್ಲಿ ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಚಿಕ್ಕಮ್ಮ ಒಲೆಯ ಮುಂದೆ ಬೋಂಡ ಕರಿದು, ಬೆವರೊರೆಸಿಕೊಂಡು, ಕಾಫಿಯ ತಟ್ಟೆ ಹಿಡಿದು ನಡುಮನೆಗೆ ಬಂದಳು. ಬಗ್ಗಿ ಲೋಟ ಕೊಡುವಾಗ ಸ್ಟಿಕ್ಕರ್ ಕಳಚಿ ತಟ್ಟೆಯ ಮೇಲೆ ಬಿತ್ತು. ಗಂಡಿನ ತಾಯಿ ಒಮ್ಮೆ ತಟ್ಟೆ ನೋಡಿದರು, ಒಮ್ಮೆ ಅವಳ ಹಣೆ ನೋಡಿದರು. ಕಾಫಿ ಕುಡಿಯಲಿಲ್ಲ. ವಾರ ಕಳೆದ ಮೇಲೆ ಜಾತಕ ಕೂಡಿಬರಲಿಲ್ಲ ಎಂದು ಕಾಗದ ಬಂತು. ಅದಕ್ಕೆ ಮುಂಚೆ ಅದೇ ಜಾತಕ ಚೆನ್ನಾಗಿ ಕೂಡಿಬಂದಿತ್ತು.

ಇಷ್ಟು ಬರೆದ ಮೇಲೆ ಇನ್ನೊಂದು ಮಾತನ್ನೂ ಬರೆಯಬೇಕು. ಆ ದಿನಗಳಲ್ಲಿ ಚಿಕ್ಕಮ್ಮ ನಮ್ಮ ಮನೆಗೆ ಬಂದಾಗ ನಾನು ಅವಳಿಗೆಂದೇ ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದೆ. ನನ್ನ ಮಗಳಿಗೆ ಆಗ ಐದು ವರ್ಷ. ಅವಳು ಒಂದು ದಿನ ಅಜ್ಜಿಯ ಲೋಟದಿಂದ ನೀರು ಕುಡಿಯಲು ಹೋದಾಗ ಕೈಯಿಂದ ಕಿತ್ತುಕೊಂಡೆ. ಚಿಕ್ಕಮ್ಮ ನೋಡಿದಳು. ಏನೂ ಅನ್ನಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ನೀರು ಕೇಳುವುದನ್ನೇ ಬಿಟ್ಟಳು.

ಓದಿದವಳಾದ ನಾನೇ ಹೀಗೆ ಮಾಡಿದ್ದು ಏಕೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಈ ಭಯ ನಮ್ಮ ತಲೆಗೆ ಇಳಿದು ಸಾವಿರಾರು ವರ್ಷಗಳಾಗಿವೆ. ಚರ್ಮದ ಬಿಳಿ ಮಚ್ಚೆಗೆ ಅಥರ್ವವೇದದಲ್ಲೇ ಮಂತ್ರವಿದೆ; ಕಪ್ಪು ಬಣ್ಣದ ಮೂಲಿಕೆಯೊಂದನ್ನು ಕರೆದು, ಹೋದ ಬಣ್ಣವನ್ನು ಮರಳಿ ಕೊಡು ಎಂದು ಅಲ್ಲಿ ಬೇಡಿಕೊಳ್ಳುತ್ತಾರೆ. ಅಲ್ಲಿ ಅದು ವಾಸಿ ಮಾಡಬೇಕಾದ ಕಾಯಿಲೆ. ಮನುಸ್ಮೃತಿಗೆ ಬರುವಷ್ಟರಲ್ಲಿ ಮಾತು ಬದಲಾಗಿದೆ. ಯಾವ ಮನೆತನಗಳಿಂದ ಹೆಣ್ಣು ತರಬಾರದು ಎಂಬ ಪಟ್ಟಿಯಲ್ಲಿ ಕ್ಷಯ, ಮೂರ್ಛೆರೋಗಗಳ ಜೊತೆಗೆ ತೊನ್ನಿರುವ ಕುಲವೂ, ಕುಷ್ಠವಿರುವ ಕುಲವೂ ಸೇರಿವೆ. ತೊನ್ನಿಗೆ ಶ್ವೇತಕುಷ್ಠ ಎಂದು ಹೆಸರಿಟ್ಟು ಎರಡನ್ನೂ ಒಂದೇ ಗಂಟಿಗೆ ಕಟ್ಟಿದೆವು. ಕುಷ್ಠಕ್ಕೆ ಕಾರಣ ಒಂದು ರೋಗಾಣು ಎಂದು ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯ 1873ರಲ್ಲೇ ಕಂಡುಹಿಡಿದ. ತೊನ್ನಿಗೆ ರೋಗಾಣುವೇ ಇಲ್ಲ. ಮುಟ್ಟಿದರೆ, ಕೂಡಿ ಉಂಡರೆ ಹರಡುವಂಥದ್ದಲ್ಲ. ಆದರೂ ಗಂಟು ಬಿಚ್ಚಲಿಲ್ಲ. ಇನ್ನು ಕುಷ್ಠದ ಮಾತು ಹೇಳುವುದಾದರೆ, ಔಷಧಿಯಿಂದ ಪೂರ್ತಿ ವಾಸಿಯಾಗುವ ಕಾಯಿಲೆಯಾದ ಮೇಲೂ ಅದು ವಿಚ್ಛೇದನಕ್ಕೆ ಕಾರಣವೆಂದು ನಮ್ಮ ವಿವಾಹ ಕಾನೂನುಗಳಲ್ಲಿ ಉಳಿದುಕೊಂಡಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ.

ಸಂಬಂಧ ಮುರಿದ ಮೇಲೆ ಚಿಕ್ಕಮ್ಮ ಔಷಧಿಗೆ ತಿರುಗಿದಳು. ಯಾರೋ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಲು ಹೇಳಿದರು. ಇದು ಬರಿಯ ಅಜ್ಜಿಮದ್ದು ಎಂದು ತಳ್ಳಿಹಾಕುವಂತಿಲ್ಲ. ಬಾವಂಚಿಯಲ್ಲಿ ಸೊರಾಲೆನ್ ಎಂಬ ವಸ್ತುವಿದೆ. ಅದು ಚರ್ಮದ ಮೇಲೆ ಬಿಸಿಲಿನ ಪರಿಣಾಮವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಈಜಿಪ್ಟಿನವರು ನೈಲ್ ನದಿಯ ದಂಡೆಯಲ್ಲಿ ಬೆಳೆಯುವ ಬೇರೊಂದು ಗಿಡದ ಬೀಜವನ್ನು ಇದೇ ರೀತಿ ಬಳಸುತ್ತಿದ್ದರು. 13ನೇ ಶತಮಾನದಲ್ಲಿ ಇಬ್ನ್ ಅಲ್ ಬೈತಾರ್ ಎಂಬ ಅರಬ್ ವಿದ್ವಾಂಸ ಅದನ್ನು ಬರೆದಿಟ್ಟ. ಕೈರೋದ ಡಾಕ್ಟರ್ ಎಲ್ ಮೊಫ್ಟಿ 1940ರ ದಶಕದಲ್ಲಿ ಆ ಬೀಜದಿಂದ ಬೇರ್ಪಡಿಸಿದ ಶುದ್ಧ ವಸ್ತುವನ್ನು ತೊನ್ನಿನ ರೋಗಿಗಳಿಗೆ ಅಳತೆ ಮಾಡಿ ಕೊಟ್ಟು, ಅಳತೆ ಮಾಡಿದ ಬಿಸಿಲಿಗೆ ಕೂರಿಸಿದರು. ಇಲ್ಲಿ ಮುಖ್ಯವಾದದ್ದು ಅಳತೆ. ಚಿಕ್ಕಮ್ಮನಿಗೆ ಅಳತೆ ಹೇಳಿದವರು ಯಾರೂ ಇರಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಿತ್ತಿಲ ಕಟ್ಟೆಯ ಮೇಲೆ ಒಂದು ಗಂಟೆ ಕೂತಳು. ಮಾರನೆಯ ದಿನ ಹಣೆಯ ಮೇಲೆ ಹಲಸಿನ ಬೀಜದಷ್ಟು ದೊಡ್ಡ ಬೊಬ್ಬೆ. ಅದು ಒಡೆದು, ಕೀವಾಗಿ, ವಾಸಿಯಾಗಲು ಒಂದೂವರೆ ತಿಂಗಳು ಹಿಡಿಯಿತು. ವಾಸಿಯಾದ ಕೂಡಲೇ ಅವಳು ಮಾಡಿದ ಮೊದಲ ಕೆಲಸ, ಮತ್ತೆ ಸ್ಟಿಕ್ಕರ್ ಅಂಟಿಸಿಕೊಂಡದ್ದು.

ಆಮೇಲೆ ಒಬ್ಬ ವೈದ್ಯರು ಮುಖವನ್ನೂ ಸರಿಯಾಗಿ ನೋಡದೆ "ತೊನ್ನು, ಇದಕ್ಕೆ ಮದ್ದಿಲ್ಲ" ಎಂದು ಚೀಟಿ ಹರಿದು ಕೊಟ್ಟರು. ಇನ್ನೊಬ್ಬರು ಎರಡು ವರ್ಷ ಹುಣಿಸೆಹಣ್ಣು, ಮೊಸರು ಬಿಡಿಸಿದರು. ಸಾರಿಲ್ಲದೆ ಸಪ್ಪೆ ಅನ್ನ ಉಂಡು ಚಿಕ್ಕಮ್ಮ ಬಡವಾದಳೇ ಹೊರತು ಚುಕ್ಕೆ ಬಡವಾಗಲಿಲ್ಲ.

1991ರಲ್ಲಿ ನಾನೇ ಅವಳನ್ನು ಜಿಲ್ಲಾ ಕೇಂದ್ರಕ್ಕೆ, ಹೊಸದಾಗಿ ಬಂದಿದ್ದ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆಗೆ ಮೂವತ್ತು ದಾಟಿರಲಿಕ್ಕಿಲ್ಲ. ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿ, ನೇರಳೆ ಬೆಳಕಿನ ಒಂದು ದೀಪ ಹಿಡಿದು ನೋಡಿದರು. ಬಣ್ಣ ಪೂರ್ತಿ ಹೋಗಿರುವ ಜಾಗ ಆ ಬೆಳಕಿನಲ್ಲಿ ಹಾಲಿನಂತೆ ಹೊಳೆಯುತ್ತದೆ. ವುಡ್ಸ್ ದೀಪ ಎಂದು ಅದರ ಹೆಸರು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ಬೇರೇನಕ್ಕೋ ಮಾಡಿದ ಗಾಜಿನ ಸೋಸುಕ ಆಮೇಲೆ ಚರ್ಮವೈದ್ಯರ ಕೈಗೆ ಬಂತು. ಕಿಟಕಿ ತೆಗೆದು ಡಾಕ್ಟರಮ್ಮ ಮೈಮೇಲೆ ಬೇರೆ ಎಲ್ಲಾದರೂ ಇದೆಯೇ, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲ ಎಂದಳು ಚಿಕ್ಕಮ್ಮ. ಆಮೇಲೆ ಐದು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಬಂತು.

"ಹಣೆಗೆ ಏನಿಟ್ಕೋತೀರಮ್ಮ?"

ಚಿಕ್ಕಮ್ಮ ನನ್ನ ಮುಖ ನೋಡಿದಳು. ಇದೆಂಥ ಪ್ರಶ್ನೆ ಎಂಬಂತೆ ಚೀಲದಿಂದ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟಳು. ನಾನು ಚಿಕ್ಕಪೇಟೆಯಿಂದ ತಂದುಕೊಟ್ಟಿದ್ದ ಪ್ಯಾಕೆಟ್. ಡಾಕ್ಟರಮ್ಮ ಒಂದು ಸ್ಟಿಕ್ಕರ್ ಬಿಡಿಸಿ ಹಣೆಯ ಹತ್ತಿರ ಹಿಡಿದು ನೋಡಿದರು. ಚುಕ್ಕೆಯ ಆಕಾರವೂ ಸ್ಟಿಕ್ಕರಿನ ಆಕಾರವೂ ಒಂದೇ, ದುಂಡಗೆ. ಸುತ್ತ ಸಾಸಿವೆ ಕಾಳಿನಷ್ಟು ನಾಲ್ಕಾರು ಬಿಳಿ ಚುಕ್ಕೆಗಳು. "ಇದು ನಿಮ್ಮ ರಕ್ತದಿಂದ ಬಂದದ್ದಲ್ಲ, ಈ ಅಂಟಿನಿಂದ ಬಂದದ್ದು. ಇವತ್ತಿನಿಂದ ಇದನ್ನ ಬಿಡಬೇಕು" ಎಂದರು.

ಆ ಒಂದು ಪ್ರಶ್ನೆಯ ಹಿಂದೆ ಎಷ್ಟು ದೊಡ್ಡ ಇತಿಹಾಸವಿದೆ ಎಂದು ನನಗೆ ತಿಳಿದದ್ದು ನಿಧಾನವಾಗಿ. ಅದು ಶುರುವಾಗುವುದು ಹಣೆಯಿಂದಲ್ಲ, ಕೈಗವಸಿನಿಂದ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಒಂದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಹಲವು ಕೆಲಸಗಾರರ ಕೈ, ಮುಂಗೈಗಳ ಬಣ್ಣ ಹೋಗತೊಡಗಿತು. ಅವರಲ್ಲಿ ಹೆಚ್ಚಿನವರು ಕರಿಯರಾದ್ದರಿಂದ ಬಿಳುಪು ಎದ್ದು ಕಾಣುತ್ತಿತ್ತು. ಆಲಿವರ್, ಶ್ವಾರ್ಟ್ಸ್, ವಾರೆನ್ ಎಂಬ ಮೂವರು ಇದನ್ನು ಪರಿಶೀಲಿಸಿದಾಗ, ಬಿಳುಪು ಸರಿಯಾಗಿ ರಬ್ಬರ್ ಕೈಗವಸು ಮುಚ್ಚುವಷ್ಟೇ ಜಾಗದಲ್ಲಿ ಇರುವುದು ಕಂಡಿತು. ರಬ್ಬರ್ ಬೇಗ ಹಾಳಾಗದಿರಲಿ ಎಂದು ಅದಕ್ಕೆ ಹೈಡ್ರೋಕ್ವಿನೋನ್ ಜಾತಿಯ ಒಂದು ರಾಸಾಯನಿಕ ಬೆರೆಸಿದ್ದರು. ಅದೇ ಚರ್ಮದ ಬಣ್ಣ ತಿನ್ನುತ್ತಿತ್ತು. 1939ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೈಗವಸು ಬಿಟ್ಟ ಮೇಲೆ ಕೆಲವರಿಗೆ ಮೆಲ್ಲಗೆ ಬಣ್ಣ ಮರಳಿತು. ಹೊರಗಿನ ವಸ್ತು ತಾಗಿಯೂ ತೊನ್ನಿನಂಥ ಮಚ್ಚೆ ಬರಬಹುದು ಎಂದು ವೈದ್ಯಲೋಕ ಕಲಿತದ್ದು ಆ ಕೂಲಿಕಾರರ ಕೈಗಳಿಂದ.

ಮುಂದೆ ಇದೇ ಕುಟುಂಬದ ಬೇರೆ ರಾಸಾಯನಿಕಗಳೂ ಒಂದೊಂದಾಗಿ ಬೆಳಕಿಗೆ ಬಂದವು. ಅವುಗಳಲ್ಲಿ ಒಂದರ ಹೆಸರು ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್. ನಾಲಿಗೆ ತಿರುಗದ ಹೆಸರು, ಆದರೆ ನಮ್ಮ ಮನೆಗೆ ಹೊಸಬನಲ್ಲ. ಚಪ್ಪಲಿ, ವಾಚಿನ ಪಟ್ಟಿ ಮುಂತಾದವುಗಳಿಗೆ ಬಳಸುವ ಗಟ್ಟಿ ಅಂಟಿನಲ್ಲಿ ಇರುತ್ತದೆ. 1970ರ ದಶಕದ ಹೊತ್ತಿಗೆ ಇದನ್ನು ತಯಾರಿಸುವ, ಬಳಸುವ ಕಾರ್ಖಾನೆಗಳ ಕೆಲಸಗಾರರಲ್ಲಿ ಬಿಳಿ ಮಚ್ಚೆ ಬರುವುದು ವೈದ್ಯರಿಗೆ ಗೊತ್ತಾಗಿತ್ತು. ಅದು ಹೆಂಗಸರ ಹಣೆಯ ಮೇಲೆ ಬಂದು ಕೂತದ್ದನ್ನು ಗುರುತಿಸಿದವರು ನಮ್ಮ ದೇಶದವರೇ. ಅಲಹಾಬಾದಿನ ಮೋತಿಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾಕ್ಟರ್ ಎ. ಕೆ. ಬಜಾಜ್ ಮತ್ತು ಅವರ ಜೊತೆಗಾರರು, ಹಣೆಯ ಮೇಲೆ ಮಾತ್ರ ಬಿಳಿ ಚುಕ್ಕೆ ಇಟ್ಟುಕೊಂಡು ಬಂದ ಹೆಂಗಸರನ್ನು ಕಂಡು, ಸ್ಟಿಕ್ಕರಿನ ಅಂಟನ್ನೇ ಪರೀಕ್ಷೆ ಮಾಡಿಸಿದರು. ಅದರಲ್ಲಿ ಈ ರಾಸಾಯನಿಕ ಸಿಕ್ಕಿತು. 1990ರಲ್ಲಿ ಅವರ ಲೇಖನ ಪ್ರಕಟವಾಯಿತು. ನಮ್ಮ ಡಾಕ್ಟರಮ್ಮ ತಾವು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಆ ಲೇಖನ ನೋಡಿದ್ದರಂತೆ. ಮುಂದೆ 1998ರಲ್ಲಿ ಬಜಾಜರ ತಂಡವೇ, ಉತ್ತರದ ಹೆಂಗಸರು ಪಾದಕ್ಕೆ ಹಚ್ಚುವ ಆಲ್ತಾದ ಬಣ್ಣವೂ ಹೀಗೆ ಚರ್ಮ ಬೆಳ್ಳಗಾಗಿಸಬಲ್ಲದು ಎಂದು ತೋರಿಸಿತು.

ಅಂಟು ಬಣ್ಣವನ್ನು ಹೇಗೆ ತಿನ್ನುತ್ತದೆ ಎಂದು ನೀವು ಕೇಳಬಹುದು. ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣ ತಯಾರಿಸುವ ಕೋಶಗಳಿವೆ. ಟೈರೊಸಿನ್ ಎಂಬ ವಸ್ತುವೇ ಅವುಗಳ ಹಿಟ್ಟು, ಬೆಲ್ಲ. ಈ ರಾಸಾಯನಿಕ ನೋಡಲು ಟೈರೊಸಿನ್ ಥರವೇ ಇರುವುದರಿಂದ ಕೋಶ ಮೋಸಹೋಗಿ ಇದನ್ನೇ ಒಲೆಗೆ ಹಾಕುತ್ತದೆ. ಸಕ್ಕರೆಯೆಂದು ತಿಳಿದು ಸೋಡಾಪುಡಿ ಹಾಕಿ ಪಾಯಸ ಮಾಡಿದಂತೆ. ಪಾಯಸ ಕೆಟ್ಟರೆ ಚೆಲ್ಲಬಹುದು. ಇಲ್ಲಿ ವಿಷ ಹುಟ್ಟಿ ಅಡುಗೆಯವಳೇ ಸಾಯುತ್ತಾಳೆ. ಎಲ್ಲರಿಗೂ ಹೀಗಾಗುವುದಿಲ್ಲ. ಒಂದೇ ಪ್ಯಾಕೆಟಿನ ಸ್ಟಿಕ್ಕರನ್ನು ನಾನೂ ಇಟ್ಟುಕೊಂಡಿದ್ದೆ, ನನಗೇನೂ ಆಗಲಿಲ್ಲ. ಕೆಲವರ ಕೋಶಗಳು ಹುಟ್ಟಿನಿಂದಲೇ ಸೂಕ್ಷ್ಮ. ಅಂಥ ಕೆಲವರಲ್ಲಿ ಅಂಟು ತಾಗದ ಜಾಗಗಳಿಗೂ ಬಿಳುಪು ಹಬ್ಬುವುದುಂಟು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತೊನ್ನಿಗೂ ಈ ಅಂಟಿನ ಬಿಳುಪಿಗೂ ಖಚಿತವಾದ ವ್ಯತ್ಯಾಸ ಕಾಣುವುದಿಲ್ಲವಂತೆ. ವ್ಯತ್ಯಾಸ ಹೇಳುವುದು ಮಚ್ಚೆಯ ಆಕಾರ, ಅದು ಇರುವ ಜಾಗ, ಮತ್ತು ರೋಗಿಯ ಮಾತು. ಏನು ಹಚ್ಚಿಕೊಂಡೆ, ಯಾವಾಗಿನಿಂದ, ಎಷ್ಟು ಹೊತ್ತು? ಅಂದರೆ ಕೇಳುವ ವೈದ್ಯರು ಬೇಕು, ಬಾಯಿಬಿಟ್ಟು ಹೇಳುವ ಹೆಂಗಸು ಬೇಕು. ಚಿಕ್ಕಮ್ಮನ ವಿಷಯದಲ್ಲಿ ಐದು ವರ್ಷ ಎರಡೂ ಇರಲಿಲ್ಲ. ಮುಚ್ಚಿಡಲು ಬಳಸಿದ ವಸ್ತುವೇ ಕಾಯಿಲೆ ಬೆಳೆಸುತ್ತಿತ್ತು.

ಹಣೆಗಿಡುವುದರಿಂದ ಬಿಳುಪಷ್ಟೇ ಅಲ್ಲ, ಕಪ್ಪೂ ಬರಬಹುದು. ಅದರ ಇತಿಹಾಸವೂ ಹೀಗೇ ದೇಶ ಸುತ್ತಿದೆ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ವಿಯೆನ್ನಾದ ವೈದ್ಯ ರೀಲ್ ಎಂಬಾತ ಮುಖವೆಲ್ಲ ಕಂದು ಕಪ್ಪಾಗುವ ಒಂದು ವಿಚಿತ್ರ ಕಾಯಿಲೆಯನ್ನು ವರ್ಣಿಸಿದ. ಯುದ್ಧಕಾಲದ ಕೆಟ್ಟ ಆಹಾರ ಕಾರಣವಿರಬಹುದು ಎಂದು ಅವನ ಊಹೆ. ಮುಂದೆ ಜಪಾನಿನಲ್ಲಿ ಇಂಥ ಮುಖದ ಹೆಂಗಸರು ಎಷ್ಟು ಹೆಚ್ಚಾದರೆಂದರೆ, ಅಲ್ಲಿ ಅದಕ್ಕೆ 'ಹೆಂಗಸರ ಮುಖ ಕಪ್ಪಾಗುವ ರೋಗ' ಎಂಬರ್ಥದ ಹೆಸರೇ ಬಿತ್ತು. ಹಾರ್ಮೋನು, ಆಹಾರ ಎಂದೆಲ್ಲ ಹುಡುಕಿದ ಮೇಲೆ 1970ರ ದಶಕದಲ್ಲಿ ಕೊಝುಕ, ನಕಯಾಮ ಮುಂತಾದ ವೈದ್ಯರು ಪ್ಯಾಚ್ ಪರೀಕ್ಷೆ ಮಾಡಿದರು. ಅನುಮಾನದ ವಸ್ತುವನ್ನು ಬೆನ್ನಿನ ಮೇಲೆ ಸಣ್ಣ ಪಟ್ಟಿಯಲ್ಲಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಕೆಂಪಾಗಿದೆಯೇ ಎಂದು ನೋಡುವ ಪರೀಕ್ಷೆ ಅದು. ಯಡಾಸ್ಸೋನ್ ಎಂಬ ವೈದ್ಯ 1895ರಲ್ಲೇ ತೋರಿಸಿಕೊಟ್ಟದ್ದು. ಬೆನ್ನು ಗುಟ್ಟು ಹೇಳಿತು. ಪೌಡರು, ಕ್ರೀಮುಗಳಿಗೆ ಹಾಕುವ ಕೆಲವು ಕೆಂಪು ಬಣ್ಣಗಳು ಮತ್ತು ಸುಗಂಧಗಳೇ ಕಾರಣ. 1977ರಲ್ಲಿ ದೊಡ್ಡ ಕಂಪನಿಗಳು ಅವುಗಳನ್ನು ಬಿಟ್ಟವು, ಕಾಯಿಲೆ ಇಳಿಮುಖವಾಯಿತು. 1986ರಲ್ಲಿ ಸಿಂಗಪುರದ ಡಾಕ್ಟರ್ ಗೋ ಮತ್ತು ಅದೇ ಕೊಝುಕ ಸೇರಿ, ಅಂಗಡಿಯ ಕುಂಕುಮದಿಂದಲೂ ಹಣೆ ಹೀಗೆ ಕಪ್ಪಾಗುತ್ತದೆ ಎಂದು ಬರೆದರು. ನಮ್ಮ ಕುಂಕುಮದ ವಿಷಯ ಸಿಂಗಪುರ, ಜಪಾನಿನವರ ಬಾಯಿಂದ ಹೊರಬರಬೇಕಾಯಿತು. ಅದೇ ವರ್ಷ ನಮ್ಮ ಚಿಕ್ಕಮ್ಮನ ಹಣೆಯಲ್ಲಿ ತುರಿಕೆ ಶುರುವಾಗಿತ್ತು.

ಮದ್ದಿನ ವಿಷಯಕ್ಕೆ ಬರುತ್ತೇನೆ. ಮೊದಲ ಮದ್ದು ಬಿಡುವುದು. ಹೇಳಲು ಸುಲಭ. ಮನೆಗೆ ಬಂದು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದರೆ ಚಿಕ್ಕಮ್ಮನ ಅತ್ತೆ ಕಿವಿಯ ಮೇಲೆ ಕೈಯಿಟ್ಟುಕೊಂಡರು. "ಗಂಡ ಗಟ್ಟಿಮುಟ್ಟಾಗಿ ಎದುರಿಗೆ ಓಡಾಡ್ತಿರೋವಾಗ ಬರೀ ಹಣೇಲಿ ಇರ್ತೀಯಾ?" ಎಂದರು. ಆ ಅಜ್ಜಿ ಸ್ವತಃ ಮೂವತ್ತೆರಡನೆಯ ವಯಸ್ಸಿಗೆ ಕುಂಕುಮ ಕಳೆದುಕೊಂಡವರು. ಬರೀ ಹಣೆ ಎಂದರೇನೆಂದು ನಮಗಿಂತ ಅವರಿಗೆ ಗೊತ್ತಿತ್ತು. ಆದ್ದರಿಂದ ಅವರ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಮತ್ತೆ ಡಾಕ್ಟರಮ್ಮನ ಹತ್ತಿರ ಓಡಿದೆವು. ಬೈತಲೆಗೆ ಮನೆಯಲ್ಲಿ ಮಾಡಿದ ಕುಂಕುಮ ಇಡಿ, ಹುಬ್ಬಿನ ನಡುವಿನ ಜಾಗ ಮಾತ್ರ ಬಿಟ್ಟುಬಿಡಿ ಎಂದು ಅವರು ದಾರಿ ತೋರಿಸಿದರು. ಚಿಕ್ಕಪ್ಪ ಎಂದೂ ಅಡುಗೆಮನೆ ಮಾತಿಗೆ ಬಾಯಿ ಹಾಕಿದವರಲ್ಲ. ಆ ದಿನ ಮಾತ್ರ "ನನ್ನ ಆಯಸ್ಸು ಅಂಟಿನ ಮೇಲೆ ನಿಂತಿದ್ಯೇನಮ್ಮ?" ಎಂದು ತಾಯಿಯನ್ನು ಕೇಳಿದರು. ಅಜ್ಜಿ ಒಪ್ಪಿದರೆಂದು ಹೇಳಲಾರೆ. ಸುಮ್ಮನಾದರು.

ಆಮೇಲೆ ಹಚ್ಚಲು ಸ್ಟೀರಾಯಿಡ್ ಮುಲಾಮು ಕೊಟ್ಟರು, ಇಷ್ಟೇ ವಾರ, ಹೆಚ್ಚಿಲ್ಲ ಎಂದು ಎಚ್ಚರಿಸಿ. ಅದು ಮುಗಿದ ಮೇಲೆ ಸೊರಾಲೆನ್ ದ್ರಾವಣ, ತೆಳುವಾಗಿಸಿದ್ದು. ಬಿಸಿಲಿಗೆ ಮೊದಲ ದಿನ ಅರ್ಧ ನಿಮಿಷ ಮಾತ್ರ. ಅದೇ ಬಾವಂಚಿಯ ಗುಣ, ಆದರೆ ಗಡಿಯಾರ ಹಿಡಿದು. ಮೂರು ತಿಂಗಳು ಏನೂ ಕಾಣಲಿಲ್ಲ. ನಾಲ್ಕನೆಯ ತಿಂಗಳು ಬಿಳಿಯ ನಡುವೆ ಒಂದು ಕಂದು ಚುಕ್ಕೆ, ಆಮೇಲೆ ನಾಲ್ಕು, ಆಮೇಲೆ ಹತ್ತು. ನವಿರು ಕೂದಲಿನ ಬುಡದಲ್ಲಿ ಉಳಿದುಕೊಂಡಿದ್ದ ಬಣ್ಣದ ಕೋಶಗಳು ಹೀಗೆ ಚುಕ್ಕೆ ಚುಕ್ಕೆಯಾಗಿ ಮೇಲೆ ಬರುತ್ತವಂತೆ. ಒಂದೂವರೆ ವರ್ಷದಲ್ಲಿ ಮುಕ್ಕಾಲು ಪಾಲು ತುಂಬಿತು. ಬೊಬ್ಬೆಯಾಗಿ ಸುಟ್ಟ ಜಾಗ ಮಾತ್ರ ಕಡೆಯ ತನಕ ತುಂಬಲಿಲ್ಲ. ಇಂದಿನ ದಿನಗಳಲ್ಲಿ ಟ್ಯಾಕ್ರೊಲಿಮಸ್ ಮುಲಾಮು, ಸಣ್ಣ ಪಟ್ಟೆಯ ಅತಿನೇರಳೆ ಬೆಳಕಿನ ಚಿಕಿತ್ಸೆ, ಬಣ್ಣ ಬಾರದ ಜಾಗಕ್ಕೆ ಬೇರೆಡೆಯ ಚರ್ಮದ ತುಣುಕು ಕಸಿ ಮಾಡುವ ವಿಧಾನ ಎಲ್ಲ ಇವೆ. ಆದರೂ ಎಲ್ಲರಿಗೂ ಪೂರ್ತಿ ಬಣ್ಣ ಮರಳುತ್ತದೆಂದು ಯಾವ ಒಳ್ಳೆಯ ವೈದ್ಯರೂ ಮಾತು ಕೊಡುವುದಿಲ್ಲ. ಬೇಗ ಹೋದಷ್ಟೂ ಒಳ್ಳೆಯದು.

ಮಗಳ ಮದುವೆಯೂ 1993ರಲ್ಲಿ ಆಯಿತು. ಈ ಸಲ ಚಿಕ್ಕಮ್ಮ ಗಂಡಿನ ಕಡೆಯವರ ಮುಂದೆ ಬಿಳಿ ಇನ್ನೂ ಉಳಿದಿದ್ದ ಹಣೆಯನ್ನು ಮುಚ್ಚದೆ ಬಂದು ಕೂತಳು. ಅವರು ಕೇಳಿದರು, ಇವಳು ಹೇಳಿದಳು. ಅಷ್ಟೇ.

ಈ ಕತೆ ಮುಗಿದ ಕಾಲದ್ದು ಎಂದುಕೊಳ್ಳಬೇಡಿ. ಜಪಾನಿನಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮಿಗೆ ರೋಡೋಡೆಂಡ್ರಾಲ್ ಎಂಬ ವಸ್ತುವನ್ನು ಬಳಸಲು 2008ರಲ್ಲಿ ಸರ್ಕಾರವೇ ಒಪ್ಪಿಗೆ ಕೊಟ್ಟಿತ್ತು. ಗಿಡಗಳಲ್ಲಿ ಸಹಜವಾಗಿ ಸಿಗುವ ವಸ್ತು ಅದು. 2013ರ ಜುಲೈನಲ್ಲಿ ಆ ಕ್ರೀಮುಗಳನ್ನೆಲ್ಲ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬೇಕಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನರ ಮುಖ, ಕತ್ತು, ಕೈಗಳ ಮೇಲೆ ಬಿಳಿ ಮಚ್ಚೆಗಳು. ಇದೂ ಟೈರೊಸಿನ್ ವೇಷ ಹಾಕಿ ಕೋಶದೊಳಗೆ ನುಗ್ಗಿದ್ದೇ. ಕೈಗವಸಿನ ಪಾಠಕ್ಕೆ ಆಗ 74 ವರ್ಷ ತುಂಬಿತ್ತು.

ಆದ್ದರಿಂದ ನಿಮ್ಮ ಹಣೆಯಲ್ಲಿ ತುರಿಕೆ, ಕೆಂಪು, ಮಾಸಿದ ಬಣ್ಣ ಕಂಡರೆ ಅವತ್ತೇ ಸ್ಟಿಕ್ಕರ್ ಬಿಡಿ. ದೊಡ್ಡದನ್ನು ಅಂಟಿಸಿ ಮುಚ್ಚಬೇಡಿ. ರಾತ್ರಿ ಹಣೆಗೆ ಬಿಡುವು ಕೊಡಿ. ಚರ್ಮವೈದ್ಯರ ಹತ್ತಿರ ಹೋಗುವಾಗ ನೀವು ಹಚ್ಚುವ ಕುಂಕುಮ, ಕ್ರೀಮು, ತಲೆಗೂದಲಿನ ಬಣ್ಣ ಎಲ್ಲದರ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮನೆಯ ಅರಿಸಿನವೇ ಒಗ್ಗದವರೂ ಇದ್ದಾರೆ, ಅದನ್ನೂ ಹೇಳಿ. ಅವರು ಕೇಳದಿದ್ದರೆ ನೀವೇ ಹೇಳಿ.

ಚಿಕ್ಕಮ್ಮ ಈಗಿಲ್ಲ. ಡಾಕ್ಟರಮ್ಮನ ಹತ್ತಿರದಿಂದ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಸಂತೋಷದಿಂದ, "ನೋಡು, ತೊನ್ನಲ್ವಂತೆ! ಇನ್ನು ಯಾರೂ ಏನೂ ಅನ್ನೋ ಹಾಗಿಲ್ಲ" ಎಂದಿದ್ದೆ. ಅವಳು ಕಿಟಕಿಯಾಚೆ ನೋಡುತ್ತಾ, "ತೊನ್ನೇ ಆಗಿದ್ರೂ ಲೋಟಕ್ಕೆ ಅಂಟ್ತಿರ್ಲಿಲ್ಲ ಕಣೇ" ಎಂದಳು. ಅಷ್ಟು ವರ್ಷದಲ್ಲಿ ಆ ವಿಷಯವಾಗಿ ಅವಳು ಆಡಿದ್ದು ಅದೊಂದೇ ಮಾತು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಆ ಲೋಟವನ್ನು ತೊಳೆದು ಎಲ್ಲ ಲೋಟಗಳ ನಡುವೆ ಇಟ್ಟೆ. ಈಗಲೂ ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿದೆ. ಯಾವುದು ಅದು ಎಂದು ನನಗೊಬ್ಬಳಿಗೆ ಗೊತ್ತು, ಅಂಚಿನಲ್ಲಿ ಸಣ್ಣ ತಗ್ಗು ಬಿದ್ದಿದೆ. ಮೊಮ್ಮಕ್ಕಳು ಅದರಲ್ಲೇ ಹಾಲು ಕುಡಿಯುತ್ತವೆ.